ಎರಡು ಪುಷ್ಪಕಗಳು

ಹೊಳನಗದ್ದೆಯಂತಹ ಕರಾವಳಿಯ ಊರುಗಳಿಗೆ ಯಕ್ಷಗಾನ, ತಾಳಮದ್ದಲೆಗಳ ಮೂಲಕ ಪರಿಚಿತವಾದ ಪುಷ್ಪಕವು ಎಷ್ಟು ಜನ ಏರಿದರೂ ಇನ್ನೊಬ್ಬರಿಗೆ ಎಡೆಯಿರುವ ವಿಮಾನ. ಅದೇ ಹೆಸರನ್ನು ಹೊತ್ತು, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಿಂದ ನಿರ್ಮಾಣಗೊಂಡು 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ಲಘು ವಿಮಾನದಲ್ಲಾದರೋ ಇಬ್ಬರಿಗೆ ಮಾತ್ರ ಸ್ಥಳ. ಲೋಹದ ಕೊಳವೆಗಳ ಒಡಲಿಗೆ ಬಟ್ಟೆ ಹೊದಿಸಿದ ಇದರ ಎಂಜಿನ್ನಿನ ಸಾಮರ್ಥ್ಯ ಕೇವಲ 90 ಅಶ್ವಶಕ್ತಿ. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಇದನ್ನು ಹಾರಿಸಿದವರಿಗೆ ಗಾಳಿಯ ಸಣ್ಣ ಅಲುಗಾಟವೂ ಕೈಗೆ ತಿಳಿಯುತ್ತಿತ್ತು. ಹಾರಾಟದ ಸುಖ ಈ ಹಗುರತನದ್ದೇ. ಅಪಾಯವೂ ಅದರದ್ದೇ. ಅಡ್ಡಗಾಳಿ ಇದನ್ನು ಸುಲಭವಾಗಿ ಪಕ್ಕಕ್ಕೆ ಒಯ್ಯುತ್ತದೆ. ಭಾರಕೇಂದ್ರವು ಮುಂಚಕ್ರಗಳ ಹಿಂದಿರುವ ಕಾರಣ, ಬಾಲಚಕ್ರದ ಇಂತಹ ವಿಮಾನವು ಇಳಿದ ಮೇಲೂ ನೆಲದಲ್ಲಿ ಗಿರ್ರನೆ ತಿರುಗಿಬಿಡಬಹುದು. ಪುರಾಣದ ಪುಷ್ಪಕವು ಒಡೆಯನ ಮನವನ್ನರಿತು ನಡೆಯುತ್ತದೆ. ಇಲ್ಲಿ ವಿಮಾನದ ಗುಣವನ್ನು ಚಾಲಕನೇ ಅರಿತು ನಡೆಯಬೇಕು.