ಕಾಗದದ ಹಿಂಬದಿ

ಬಾಡಿಗೆ ಮನೆಯ ಗೋಡೆ ನಮ್ಮದಲ್ಲ. ಮೊಳೆ ಹೊಡೆಯೋ ಹಾಗಿಲ್ಲ, ಬಣ್ಣ ಬದಲಾಯಿಸೋ ಹಾಗಿಲ್ಲ, ಖಾಲಿ ಮಾಡುವಾಗ ಪೇಂಟಿಂಗ್ ಖರ್ಚು ಅಂತ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಬೇರೆ. ಅದಕ್ಕೇ ನಮ್ಮಂಥವರ ಮನೆಗಳಲ್ಲಿ ಈಗ ಅಂಟಿಸಿ, ಬೇಡವಾದಾಗ ಕೀಳುವ ವಾಲ್‌ಪೇಪರಿನ ಕಾಲ. ಗೋಡೆಗೆ ಬಳಸಿ ಮಿಕ್ಕಿದ ತುಂಡು ಪುಸ್ತಕದ ಶೆಲ್ಫಿನ ಬೆನ್ನಿಗೆ ಹೋಗುತ್ತದೆ, ಡ್ರಾಯರ್ ಒಳಗೆ ಹೋಗುತ್ತದೆ, ಮೆಟ್ಟಿಲಿನ ಎದುರು ಮುಖಕ್ಕೆ ಹೋಗುತ್ತದೆ, ಶೂ ಡಬ್ಬಿಯನ್ನೂ ಅಲಂಕರಿಸುತ್ತದೆ. ಇದನ್ನೆಲ್ಲ ಕ್ರಿಯೇಟಿವ್ ಐಡಿಯಾ ಅಂತಾರೆ. ಐಡಿಯಾ ಒಳ್ಳೆಯದೇ, ಆದರೆ ತೀರಾ ಹಳೆಯದು. ಎಷ್ಟು ಹಳೆಯದು ಅಂತ ತಿಳಿಯಬೇಕಾದರೆ ವಾಲ್‌ಪೇಪರನ್ನು ತಿರುಗಿಸಿ ನೋಡಬೇಕು. ಅದರ ಚರಿತ್ರೆ ಇರುವುದು ಹೂವಿನ ಕಡೆಗಿಂತ ಹೆಚ್ಚಾಗಿ ಹಿಂಬದಿಯಲ್ಲಿ.

ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ 1911ರಲ್ಲಿ ಮುಖ್ಯಸ್ಥರ ನಿವಾಸದ ರಿಪೇರಿ ನಡೆದಿತ್ತು. ಆಗ ಚಾವಣಿಯ ತೊಲೆಗಳಿಗೆ ಅಂಟಿಸಿದ್ದ ಕಾಗದದ ಚೂರುಗಳು ಸಿಕ್ಕವು. ಮರದ ಅಚ್ಚಿನಿಂದ ಕಪ್ಪು ಮಸಿಯಲ್ಲಿ ಒತ್ತಿದ, ದಾಳಿಂಬೆಯನ್ನು ಹೋಲುವ ದೊಡ್ಡ ವಿನ್ಯಾಸ. ಇಂಗ್ಲೆಂಡಿನಲ್ಲಿ ಉಳಿದಿರುವ ಅತಿ ಹಳೆಯ ವಾಲ್‌ಪೇಪರುಗಳಲ್ಲಿ ಇದೂ ಒಂದು. ವಿನ್ಯಾಸದೊಳಗೆ ಒಂದು 'ಎಚ್' ಅಕ್ಷರ, ಒಂದು ಬಾತುಕೋಳಿ ಜಾತಿಯ ಹಕ್ಕಿ. ಹ್ಯೂಗೋ ಗೋಸ್ ಎಂಬ ಮುದ್ರಕ ತನ್ನ ಹೆಸರನ್ನು ಹೀಗೆ ಚಿತ್ರದಲ್ಲಿ ಬರೆದುಕೊಂಡಿದ್ದಾನೆ ಅನ್ನುತ್ತಾರೆ; ಇಂಗ್ಲಿಷಿನಲ್ಲಿ ಆ ಹಕ್ಕಿ 'ಗೂಸ್' ತಾನೆ! ಈಗ ಕಾಗದ ತಿರುಗಿಸಿ. ಹಿಂಬದಿಯಲ್ಲಿ ಎಂಟನೇ ಹೆನ್ರಿ 1509ರಲ್ಲಿ ಪಟ್ಟಕ್ಕೆ ಬಂದ ಕಾಲದ ರಾಜಘೋಷಣೆ, ಅವನಪ್ಪ ಸತ್ತಾಗ ಬರೆದ ಶೋಕಗೀತೆ. ಆ ಕಾಲದ ಕಾಗದ ಚಿಂದಿ ಬಟ್ಟೆಯನ್ನು ಅರೆದು ಕೈಯಿಂದ ಮಾಡಿದ್ದು, ದುಬಾರಿ. ಹಳಸಿದ ಸುದ್ದಿಯನ್ನು ಎಸೆಯದೆ ಅದರ ಬೆನ್ನ ಮೇಲೆ ಹೂವು ಒತ್ತಿಬಿಟ್ಟರು.

ಸುಮಾರು ಇನ್ನೂರು ವರ್ಷ ಆದಮೇಲೆ ವಾಲ್‌ಪೇಪರ್ ಅಲ್ಲಿನ ಮಧ್ಯಮ ವರ್ಗದ ಕೈಗೆಟುಕಿತು. ಸರ್ಕಾರ ಸುಮ್ಮನಿರುತ್ತದೆಯೆ? 1712ರಲ್ಲಿ ತೆರಿಗೆ ಬಂತು, ಚದರ ಗಜಕ್ಕೆ ಒಂದು ಪೆನ್ನಿ. ತೆರಿಗೆ ಇದ್ದದ್ದು ಅಚ್ಚು ಹಾಕಿದ ಅಥವಾ ಬಣ್ಣ ಬಳಿದ ಕಾಗದಕ್ಕೆ. ಜನ ಏನು ಮಾಡಿದರು ನೋಡಿ: ಬರೀ ಕಾಗದ ತಂದು ಗೋಡೆಗೆ ಅಂಟಿಸಿದರು, ಆಮೇಲೆ ಗೋಡೆಯ ಮೇಲೇ ಸ್ಟೆನ್ಸಿಲ್ ಇಟ್ಟು ಬಣ್ಣ ಬಳಿಸಿದರು. ನಮ್ಮ ಯಾವ ಸಿ.ಎ.ಗೂ ಕಡಿಮೆಯಿಲ್ಲದ ತಲೆ. ತೆರಿಗೆ ಕಟ್ಟಿದ ಕಾಗದದ ಹಿಂಬದಿಗೆ ಅಧಿಕಾರಿಗಳು ಮುದ್ರೆ ಒತ್ತುತ್ತಿದ್ದರು. ಆ ಮುದ್ರೆಯ ನಕಲಿಗೆ 1806ರಲ್ಲಿ ಮರಣದಂಡನೆಯೇ ಗೊತ್ತಾಯಿತು. ಮನೆ ಚೆಂದ ಮಾಡಿಕೊಳ್ಳುವ ವಸ್ತುವಿನ ಹಿಂದೆ ಕೊರಳಿಗೆ ಹಗ್ಗ! 1836ರಲ್ಲಿ ಆ ತೆರಿಗೆ ಹೋಯಿತು. ಹಳೆಯ ಕಾಗದ ಯಾವ ಕಾಲದ್ದು ಅಂತ ಹೇಳಲು ತಜ್ಞರು ಇವತ್ತಿಗೂ ಹಿಂಬದಿಯ ಮುದ್ರೆಯನ್ನು ಹುಡುಕುತ್ತಾರೆ.

ಇನ್ನು ಆ ಶೂ ಡಬ್ಬಿಯ ಐಡಿಯಾ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಜಾಫ್ರಿ ಎಂಬ ಊರಿನಲ್ಲಿ ಹ್ಯಾನಾ ಡೇವಿಸ್ ಎಂಬ ಹೆಂಗಸಿದ್ದಳು. ಮದುವೆಯಾಗಿರಲಿಲ್ಲ, ದುಡಿದೇ ಬದುಕಬೇಕಿತ್ತು. ಮರದ ದಿಮ್ಮಿಯಿಂದ ತೆಳ್ಳನೆಯ ಹಾಳೆ ಸೀಳುವ, ಕಾಲಿನಿಂದ ನಡೆಸುವ ಯಂತ್ರವೊಂದನ್ನು ತಾನೇ ರೂಪಿಸಿದಳು. ಆ ಹಾಳೆಯನ್ನು ಬಗ್ಗಿಸಿ, ಮೊಳೆ ಹೊಡೆದು, ಹ್ಯಾಟು ಬಟ್ಟೆ ಇಡುವ ಡಬ್ಬಿ ಮಾಡಿ, ಹೊರಗೆ ವಾಲ್‌ಪೇಪರ್, ಒಳಗೆ ಹಳೆಯ ನ್ಯೂಸ್‌ಪೇಪರ್ ಅಂಟಿಸುತ್ತಿದ್ದಳು. ಗಾಡಿಯಲ್ಲಿ ಹೇರಿಕೊಂಡು ಬಟ್ಟೆ ಗಿರಣಿಗಳಿದ್ದ ಊರುಗಳಿಗೆ ಹೋಗಿ ಮಾರುತ್ತಿದ್ದಳು. ಕೊಳ್ಳುತ್ತಿದ್ದವರು ಹಳ್ಳಿಯಿಂದ ಗಿರಣಿ ಕೆಲಸಕ್ಕೆ ಬಂದ ಹುಡುಗಿಯರು. ಹಾಸ್ಟೆಲಿನಂಥ ವಸತಿಯಲ್ಲಿ ಇದ್ದವರು. ಅಲ್ಲಿ ಗೋಡೆ ಅವರದಲ್ಲ, ಡಬ್ಬಿ ಮಾತ್ರ ಅವರದು. ಪೀಜಿಯಲ್ಲಿ ಇದ್ದು ಬಂದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆಯಷ್ಟು ದೊಡ್ಡ ಹೂವಿನ ಚಿತ್ತಾರ ಸಣ್ಣ ಡಬ್ಬಿಯ ಮೇಲೆ ಅರ್ಧಕ್ಕೇ ತುಂಡಾಗಿದ್ದರೂ ಚೆಂದವೇ. ನನ್ನ ಕೇಳಿದರೆ ಗೋಡೆಗಿಂತ ಅಲ್ಲೇ ಚೆಂದ.

ಹ್ಯಾನಾ ಡೇವಿಸ್ ತೀರಿಕೊಂಡದ್ದು 1863ರಲ್ಲಿ. ಅದೇ ವರ್ಷ, ಅದೇ ದೇಶದ ಇನ್ನೊಂದು ತುದಿಯಲ್ಲಿ, ಡಬ್ಬಿಯ ಒಳಗಿನದು ಹೊರಗಿನದರ ಬೆನ್ನಿಗೆ ಬಂತು. ಅಂದರೆ ವಾಲ್‌ಪೇಪರಿನ ಮೇಲೆ ನ್ಯೂಸ್‌ಪೇಪರ್ ಅಚ್ಚಾಯಿತು.

ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಮಿಸಿಸಿಪಿ ನದಿಯ ದಡದ ವಿಕ್ಸ್‌ಬರ್ಗ್ ಊರನ್ನು ಜನರಲ್ ಗ್ರಾಂಟನ ಉತ್ತರದ ಸೈನ್ಯ ಮೇ ತಿಂಗಳಲ್ಲಿ ಮುತ್ತಿತು. 47 ದಿನ ಹೊರಗಿನಿಂದ ಏನೂ ಬರಲಿಲ್ಲ. ಫಿರಂಗಿ ಗುಂಡಿಗೆ ಹೆದರಿ ಜನ ಗುಡ್ಡದ ಮಣ್ಣಿನಲ್ಲಿ ಗುಹೆ ತೋಡಿಸಿಕೊಂಡು ಒಳಗೆ ಮಂಚ, ಕುರ್ಚಿ ಹಾಕಿಕೊಂಡು ಬದುಕಿದರು. ತೋಡಿದವರಲ್ಲಿ ಬಹಳ ಮಂದಿ ಗುಲಾಮರು. ಯುದ್ಧ ನಡೆದಿದ್ದೂ ಗುಲಾಮಗಿರಿ ಇರಬೇಕೋ ಬೇಡವೋ ಅನ್ನುವುದಕ್ಕೇ. ಊರಿನ 'ಡೈಲಿ ಸಿಟಿಜನ್' ಪತ್ರಿಕೆ, ಅದರ ಮಾಲೀಕ ಜೆ. ಎಂ. ಸ್ವೋರ್ಡ್ಸ್, ಇರಬೇಕು ಅನ್ನುವವರ ಕಡೆ. ಇದನ್ನು ಮರೆತು ಈ ಕತೆಯನ್ನು ಬರೀ ಮುದ್ದಾದ ಕುತೂಹಲ ಅಂತ ಹೇಳುವವರು ನನಗೆ ಹಿಡಿಸುವುದಿಲ್ಲ.

ಮುದ್ರಣದ ಕಾಗದ ಮುಗಿದಾಗ ಸ್ವೋರ್ಡ್ಸ್ ವಾಲ್‌ಪೇಪರ್ ತಂದು, ಖಾಲಿ ಹಿಂಬದಿಯಲ್ಲಿ ನಾಲ್ಕು ಕಾಲಂಗಳ ಪತ್ರಿಕೆ ಒತ್ತಿದ. ಒಂದೇ ಪುಟ. ಜುಲೈ 2ರ ಸಂಚಿಕೆಯಲ್ಲಿ ಹೇಸರಗತ್ತೆಯ ಮಾಂಸ ಬಲು ರುಚಿ, ಮೆದು, ಹೇಸಿಕೊಳ್ಳಬೇಡಿ ಅಂತ ಓದುಗರಿಗೆ ಧೈರ್ಯ ಹೇಳಿದ. ಜುಲೈ 4ರಂದು ವಿಕ್ಸ್‌ಬರ್ಗಿನಲ್ಲಿ ಊಟ ಮಾಡುತ್ತೇನೆ ಅಂತ ಗ್ರಾಂಟ್ ಕೊಚ್ಚಿಕೊಂಡಿದ್ದಾನಂತೆ, ಮೊಲದ ಸಾರು ಮಾಡಬೇಕಾದರೆ ಮೊದಲು ಮೊಲ ಹಿಡಿಯಬೇಕಲ್ಲ ಅಂತ ಗೇಲಿಯನ್ನೂ ಮಾಡಿದ.

ಜುಲೈ 4ಕ್ಕೆ ಊರು ಶರಣಾಯಿತು. ಒಳಗೆ ಬಂದ ಸೈನಿಕರಿಗೆ ಅಚ್ಚುಕೂಟದಲ್ಲಿ ಆ ಪುಟದ ಮೊಳೆಗಳು ಜೋಡಿಸಿದಂತೆಯೇ ಸಿಕ್ಕವು. ಕೊನೆಯ ಕಾಲಂನ ಕೆಳಗೆ ತಮ್ಮದೊಂದು ಟಿಪ್ಪಣಿ ಸೇರಿಸಿ ಮತ್ತೆ ವಾಲ್‌ಪೇಪರಿನ ಮೇಲೇ ಒತ್ತಿದರು: ಗ್ರಾಂಟ್ ಮೊಲ ಹಿಡಿದಾಯಿತು, ಹೇಸರಗತ್ತೆ ಮಾಂಸದ ಹೊಗಳಿಕೆ ಇನ್ನಿಲ್ಲ, ವಾಲ್‌ಪೇಪರ್ ಪತ್ರಿಕೆ ಇದೇ ಕೊನೆ, ಮುಂದೆ ಇದಕ್ಕೆ ಬೆಲೆ ಬಂದೀತು.

ಬಂತು. ಎಷ್ಟು ಬಂತೆಂದರೆ ಆಮೇಲೆ ನೆನಪಿನ ವಸ್ತು ಅಂತ ಅದನ್ನು ಮತ್ತೆ ಮತ್ತೆ ಅಚ್ಚು ಹಾಕಿದರು, ಅದೂ ಹೂವಿನ ಕಾಗದದ ಮೇಲೇ. ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿತು ಅಂತ ಜನ ತರುವ ಪ್ರತಿಗಳಲ್ಲಿ ಹೆಚ್ಚಿನವು ಆಮೇಲಿನ ನಕಲು. ಅಸಲಿ ಯಾವುದು ಅಂತ ಪತ್ತೆ ಹಚ್ಚಲು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಗುರುತುಗಳ ಪಟ್ಟಿಯನ್ನೇ ಪ್ರಕಟಿಸಿದೆ. ಅವರು ನೋಡುವುದು ಅಕ್ಷರಗಳ ಕಡೆಯನ್ನು. ಹೂವು ನೋಡಿ ಹೇಳಲು ಬರುವುದಿಲ್ಲ. ಅಸಲಿ ಪ್ರತಿಗಳೂ ಎಲ್ಲ ಒಂದೇ ವಿನ್ಯಾಸದ ಕಾಗದದ ಮೇಲಿಲ್ಲ.