ಹತ್ತಿ ನೀರು ಕುಡಿಯಲು ಕಲಿತ ಕಥೆ

‘ಲಾರ್ಡ್ ಆಫ್ ದಿ ರಿಂಗ್ಸ್’ ಓದಿದವರಿಗೆ, ಇಲ್ಲವೇ ಸಿನಿಮಾ ನೋಡಿದವರಿಗೆ ಸ್ಯಾಮ್ ಗ್ಯಾಮ್‌ಜೀ ಗೊತ್ತೇ ಇರುತ್ತಾನೆ. ಕೊನೆಯಲ್ಲಿ ಫ್ರೋಡೋನನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವನು. ಆ ಹೆಸರು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದ ನಾನು ಬಂದು ನಿಂತಿದ್ದು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ! ಟೋಲ್ಕಿನ್ ಚಿಕ್ಕವರಿದ್ದಾಗ ಬರ್ಮಿಂಗ್‌ಹ್ಯಾಮ್ ಕಡೆ ‘ಗ್ಯಾಮ್‌ಜೀ’ ಅಂದರೆ ಹತ್ತಿ ಅಂತಲೇ ಅರ್ಥವಂತೆ. ಅದೇ ಊರಿನ ಸರ್ಜನ್ ಒಬ್ಬರ ಹೆಸರು ಹತ್ತಿಗೆ ಅಂಟಿಕೊಂಡುಬಿಟ್ಟಿತ್ತು. ಅವರೇ ಜೋಸೆಫ್ ಸ್ಯಾಂಪ್ಸನ್ ಗ್ಯಾಮ್‌ಜೀ (1828–1886).

ಹತ್ತಿಗೆ ಒಬ್ಬ ಡಾಕ್ಟರ ಹೆಸರು ಬರುವಂಥದ್ದೇನಿದೆ ಅಂತೀರಾ? ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಗಿಡದಿಂದ ಬಿಡಿಸಿದ ಹತ್ತಿಯ ಒಂದು ಚೂರನ್ನು ಲೋಟದ ನೀರಿಗೆ ಹಾಕಿ. ತೇಲುತ್ತಾ ಇರುತ್ತದೆ, ಒದ್ದೆಯೇ ಆಗುವುದಿಲ್ಲ. ಮೆಡಿಕಲ್ ಸ್ಟೋರಿನ ಹತ್ತಿ ಹಾಕಿ, ಕೆಲವೇ ಕ್ಷಣದಲ್ಲಿ ಮುಳುಗುತ್ತದೆ. ಹತ್ತು ಸೆಕೆಂಡಿನೊಳಗೆ ಮುಳುಗಬೇಕು ಅನ್ನೋದೇ ಅದರ ಗುಣಮಟ್ಟದ ಪರೀಕ್ಷೆ. ಕಾರಣ ಎಳೆಯ ಮೇಲಿನ ಮೇಣ. ತೂಕದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ, ಆದರೆ ಅಷ್ಟೇ ಸಾಕು ನೀರನ್ನು ದೂರ ಇಡೋಕೆ. (ದೀಪದ ಬತ್ತಿ ಎಣ್ಣೆಯನ್ನು ಅಷ್ಟು ಚೆನ್ನಾಗಿ ಕುಡಿಯೋದಕ್ಕೆ ಈ ಮೇಣವೂ ಒಂದು ಕಾರಣ.) ಕ್ಷಾರದಲ್ಲಿ ಕುದಿಸಿ ಮೇಣ ತೆಗೆದರೆ ಅದೇ ಹತ್ತಿ ನೀರು, ರಕ್ತ, ಕೀವು ಎಲ್ಲವನ್ನೂ ಹೀರುತ್ತದೆ.

ಅದಕ್ಕೆ ಮುಂಚೆ ಯುರೋಪು, ಅಮೆರಿಕಾಗಳಲ್ಲಿ ಗಾಯಕ್ಕೆ ತುಂಬುತ್ತಿದ್ದದ್ದು ಹಳೆಯ ಲಿನನ್ ಬಟ್ಟೆಯ ಎಳೆಗಳನ್ನು. ಅಮೆರಿಕದ ಅಂತರ್ಯುದ್ಧದ (1861–65) ಹೊತ್ತಿನಲ್ಲಿ ಮನೆಮನೆಯ ಹೆಂಗಸರು ಹಳೇ ಬಟ್ಟೆ ಹೆರೆದು, ಎಳೆ ಬಿಡಿಸಿ ಸೈನಿಕರಿಗೆ ಕಳಿಸುತ್ತಿದ್ದರು. ಪ್ರೀತಿಯೇನೋ ಬೇಕಾದಷ್ಟಿತ್ತು. ಆದರೆ ಆ ಎಳೆಗಳ ಜೊತೆ ರೋಗಾಣುಗಳೂ ಗಾಯದೊಳಗೆ ಹೋಗುತ್ತಿದ್ದವು ಅನ್ನೋದು ಆಗ ಗೊತ್ತಿರಲಿಲ್ಲ. ಲಿಸ್ಟರ್ ತಮ್ಮ ಕಾರ್ಬಾಲಿಕ್ ಆಮ್ಲದ ಚಿಕಿತ್ಸೆಯ ಬಗ್ಗೆ ಬರೆದದ್ದು 1867ರಲ್ಲಿ.

1880ರಲ್ಲಿ ಗ್ಯಾಮ್‌ಜೀ ಮಾಡಿದ್ದು ಬಹಳ ಸರಳ. ಮೇಣ ತೆಗೆದ ಹತ್ತಿಯ ದಪ್ಪ ಪದರವನ್ನು ಎರಡು ಗಾಜ್ ಬಟ್ಟೆಗಳ ನಡುವೆ ಇಟ್ಟರು, ಅಷ್ಟೇ. ಹತ್ತಿ ರಸಿಕೆಯನ್ನು ಹೀರುತ್ತದೆ, ಗಾಜ್ ಹತ್ತಿಯ ಎಳೆಗಳು ಗಾಯದಲ್ಲಿ ಉಳಿಯದ ಹಾಗೆ ತಡೆಯುತ್ತದೆ, ಆ ದಪ್ಪವೇ ಮೆತ್ತಗೆ ಒತ್ತಿ ಹಿಡಿಯುತ್ತದೆ. ನನಗೆ ಹಿಡಿಸಿದ್ದು ಇದರ ಹಿಂದಿನ ಯೋಚನೆ. ಗಾಯಕ್ಕೆ ಬೇಕಾದದ್ದು ವಿಶ್ರಾಂತಿ, ಪದೇ ಪದೇ ಬಿಚ್ಚಬೇಡಿ ಅನ್ನೋದು ಅವರ ವಾದ. ಹೆಚ್ಚು ಹೀರುವ ಪಟ್ಟಿ ಅಂದರೆ ಕಡಿಮೆ ಸಲ ಬಿಚ್ಚುವ ಪಟ್ಟಿ.

ಮುಂದೆ 1914ರ ಮಹಾಯುದ್ಧ ಬಂತು. ಹತ್ತಿಗೆ ಇಬ್ಬರು ಗಿರಾಕಿಗಳು! ನೈಟ್ರಿಕ್ ಆಮ್ಲ ಬೆರೆಸಿದರೆ ಅದೇ ಹತ್ತಿ ಗನ್‌ಕಾಟನ್ ಅನ್ನೋ ಸ್ಫೋಟಕ. ಗಾಯ ಮಾಡುವುದಕ್ಕೂ ಹತ್ತಿ, ಗಾಯ ಕಟ್ಟುವುದಕ್ಕೂ ಹತ್ತಿ. ಸಾಲದೆ ಬಂದಾಗ ಬ್ರಿಟನ್ನಿನ ಜನ ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಜೌಗು ನೆಲದ ಸ್ಫ್ಯಾಗ್ನಮ್ ಎಂಬ ಹಾವಸೆಯನ್ನು ಆರಿಸಿ, ಒಣಗಿಸಿ, ಮಸ್ಲಿನ್ ಚೀಲಗಳಲ್ಲಿ ತುಂಬಿದರು. ಅದರ ಎಲೆಯಲ್ಲಿ ಟೊಳ್ಳಾದ ಸತ್ತ ಜೀವಕೋಶಗಳಿವೆ, ಒಂದೊಂದೂ ಪುಟ್ಟ ಕೊಡ. ತನ್ನ ತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹಿಡಿಯುತ್ತದೆ. ಹತ್ತಿ ಅಷ್ಟು ಹಿಡಿಯುವುದಿಲ್ಲ.

ಹಾಗಾದರೆ ಚೆನ್ನಾಗಿ ಹೀರಿದರೆ ಕೆಲಸ ಮುಗೀತಾ? ಇಲ್ಲ. ಅಪ್ಪನ ಕಾಲಿಗೆ ಗಾಯವಾದಾಗ ದಿನಾ ಡ್ರೆಸ್ಸಿಂಗಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಗಾಜ್ ಒಣಗಿ ಗಾಯಕ್ಕೆ ಕಚ್ಚಿಕೊಂಡಿರುತ್ತಿತ್ತು. ನರ್ಸಮ್ಮ ಸಲೈನ್ ಸುರಿದು ನಿಧಾನಕ್ಕೆ ಬಿಡಿಸಿದರೂ ಅಪ್ಪ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದರು. ಬಿಡಿಸಿದ ಗಾಜ್ ಜೊತೆ ಆಗಷ್ಟೇ ಹುಟ್ಟಿದ ಹೊಸ ಚರ್ಮವೂ ಕಿತ್ತು ಬರುತ್ತದೆ. ಅಂದರೆ ದಿನಾ ಹೊಸದೊಂದು ಗಾಯ!

ಈ ತೊಂದರೆಗೆ ಆ ಮಹಾಯುದ್ಧದ ಕಾಲದಲ್ಲೇ ಉಪಾಯ ಹುಡುಕಿದವರಲ್ಲಿ ಒಬ್ಬರು ಆಗಸ್ಟ್ ಲೂಮಿಯೇರ್. ಹೌದು, ಸಿನಿಮಾ ಕೊಟ್ಟ ಲೂಮಿಯೇರ್ ಸಹೋದರರಲ್ಲಿ ಹಿರಿಯವರೇ! ಬಲೆಯಂಥ ಬಟ್ಟೆಗೆ ಮೃದು ಪ್ಯಾರಾಫಿನ್ ಸವರಿ ‘ತ್ಯೂಲ್ ಗ್ರಾ’ ಮಾಡಿದರು. ಅದು ಗಾಯಕ್ಕೆ ಅಷ್ಟಾಗಿ ಅಂಟುವುದಿಲ್ಲ, ರಸಿಕೆ ತೂತುಗಳ ಮೂಲಕ ಮೇಲಿನ ಹತ್ತಿಗೆ ಹೋಗುತ್ತದೆ.

1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಹಂದಿಗಳ ಮೈಮೇಲಿನ ಕೆಲವು ಗಾಯಗಳನ್ನು ಗಾಳಿಗೆ ಬಿಟ್ಟು, ಕೆಲವಕ್ಕೆ ತೆಳು ಪಾಲಿಥೀನ್ ಹೊದಿಸಿದ್ದರು. ಹೊದಿಸಿದ ಕಡೆ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮ ಬಂತು. ಒಣಗಿದ ಹಕ್ಕಳೆಯ ಕೆಳಗೆ ಹೊಸ ಕೋಶಗಳು ಅಗೆದುಕೊಂಡು ಹೋಗಬೇಕು, ತೇವವಿದ್ದರೆ ಸಲೀಸಾಗಿ ಹರಿದಾಡುತ್ತವೆ. ‘ಗಾಯಕ್ಕೆ ಗಾಳಿ ಆಡಲಿ, ಒಣಗಲಿ’ ಅನ್ನೋ ನಮ್ಮೆಲ್ಲರ ಮನೆಮಾತು ತಲೆಕೆಳಗಾಯಿತು. ಹೆಚ್ಚಾದ ತೇವ ಹೋಗಬೇಕು, ಬೇಕಾದಷ್ಟು ಉಳಿಯಬೇಕು. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಳೆಗಳು ಇದನ್ನೇ ಮಾಡುತ್ತವೆ. ಎಳೆಯ ಕ್ಯಾಲ್ಸಿಯಂ ಗಾಯದ ರಸದ ಸೋಡಿಯಂ ಜೊತೆ ಅದಲುಬದಲಾಗಿ, ಬಟ್ಟೆಯೇ ಲೋಳೆಯಾಗುತ್ತದೆ. ಕೀಳಬೇಕಿಲ್ಲ, ತೊಳೆದರೆ ಸಾಕು.

ಎಲ್ಲವೂ ನಮ್ಮಲ್ಲೇ ಇತ್ತು ಅಂತ ಎದೆ ತಟ್ಟಿಕೊಳ್ಳುವವನು ನಾನಲ್ಲ. ಆದರೂ ಸುಶ್ರುತ ಸಂಹಿತೆಯ ಸೂತ್ರಸ್ಥಾನದ 18ನೇ ಅಧ್ಯಾಯ ನೋಡಿ ಬೆರಗಾಯಿತು. ಪಟ್ಟಿ ಕಟ್ಟಲು ಹತ್ತಿ, ಉಣ್ಣೆ, ರೇಷ್ಮೆಗಳ ಪಟ್ಟಿಯೇ ಅಲ್ಲಿದೆ. ಗಾಯದೊಳಗೆ ಇಡುವ ಬತ್ತಿಗೆ ‘ವಿಕೇಶಿಕಾ’ ಅಂತ ಹೆಸರು. ಅದರಲ್ಲಿ ಜಿಡ್ಡು ಹೆಚ್ಚಾದರೆ ಗಾಯ ಕೊಳೆಯುತ್ತದೆ, ತೀರಾ ಒಣಗಿದ್ದರೆ ಸೀಳುತ್ತದೆ, ಸರಿಯಾಗಿ ಇಡದಿದ್ದರೆ ಅಂಚನ್ನು ಉಜ್ಜುತ್ತದೆ ಎನ್ನುವ ಎಚ್ಚರಿಕೆಯೂ ಇದೆ. ರೋಗಾಣು, ಮೇಣ, ಸೋಡಿಯಂ ಯಾವುದೂ ಗೊತ್ತಿಲ್ಲದ ಕಾಲ. ಪಟ್ಟಿ ಬಿಚ್ಚುವಾಗ ರೋಗಿಯ ಮುಖವನ್ನು ಗಮನವಿಟ್ಟು ನೋಡಿದವರಿಗಷ್ಟೇ ಇದು ಹೊಳೆಯೋಕೆ ಸಾಧ್ಯ ಅಂತ ನನಗನಿಸುತ್ತದೆ.

ನಿಮ್ಮೂರ ಕಡೆ ಗಾಯಕ್ಕೆ ಏನು ಕಟ್ಟುತ್ತಿದ್ದರು? ಗೊತ್ತಿದ್ದರೆ ಕಾಮೆಂಟಿನಲ್ಲಿ ಬರೆಯಿರಿ.