ಹಳೆಯ ಬಟ್ಟೆಯಿಂದ ನೂಲು: ಹತ್ತಿ ಬೆಳೆಗಾರರು ಅರಿಯಬೇಕಾದ ಸಂಗತಿಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳು ಕೌದಿಯಾಗುವುದು ಹಿಂದಿನಿಂದ ನಡೆದುಬಂದಿದೆ. ಹಳೆಯ ಬಟ್ಟೆಯ ಮರುಬಳಕೆ ಇಂದು ನೂಲಿನ ಗಿರಣಿಗಳಲ್ಲಿಯೂ ನಡೆಯುತ್ತಿದೆ. ತಿರುಪ್ಪೂರಿನಲ್ಲಿ ಬನಿಯನ್ ಮತ್ತು ಟಿ-ಶರ್ಟ್ ಹೊಲಿಯುವಾಗ ಉಳಿಯುವ ತುಂಡುಗಳು ಹಾಗೂ ಪಾಣಿಪತ್‌ಗೆ ಬರುವ ಹಳೆಯ ಉಡುಪುಗಳು ಮತ್ತೆ ನೂಲಾಗುತ್ತಿವೆ. ಇದರ ಪರಿಣಾಮವನ್ನು ಹತ್ತಿ ಬೆಳೆಗಾರರು ತಿಳಿದಿರುವುದು ಅವಶ್ಯಕ.

ತಯಾರಿಕೆಯ ವಿಧಾನ

ಮೊದಲು ಬಟ್ಟೆಗಳನ್ನು ನಾರಿನ ಬಗೆ ಹಾಗೂ ಬಣ್ಣಕ್ಕೆ ಅನುಗುಣವಾಗಿ ವಿಂಗಡಿಸಿ, ಗುಂಡಿ ಮತ್ತು ಜಿಪ್‌ಗಳನ್ನು ತೆಗೆಯಲಾಗುತ್ತದೆ. ಬಣ್ಣವಾರು ವಿಂಗಡಿಸುವುದರಿಂದ ಮತ್ತೆ ಬಣ್ಣ ಹಾಕುವ ಅಗತ್ಯ ಕಡಿಮೆಯಾಗಿ ನೀರು ಉಳಿಯುತ್ತದೆ. ನಂತರ ತುಂಡರಿಸಿದ ಬಟ್ಟೆಯನ್ನು ಹಲ್ಲುಗಳಿರುವ ಉರುಳೆಗಳು ಸೀಳಿ ಎಳೆಯಾಗಿಸುತ್ತವೆ. ಈ ಹಂತದಲ್ಲಿ ಎಳೆಗಳು ತುಂಡಾಗಿ ಗಿಡ್ಡವಾಗುವುದರಿಂದ ಹೊಸ ಹತ್ತಿ ಅಥವಾ ಪಾಲಿಯೆಸ್ಟರ್ ಬೆರೆಸಿ, ಹೆಚ್ಚಾಗಿ ಓಪನ್ ಎಂಡ್ ವಿಧಾನದಲ್ಲಿ ದಪ್ಪ ನೂಲನ್ನು ತೆಗೆಯಲಾಗುತ್ತದೆ. ಈ ನೂಲಿನಿಂದ ಕಾಲುಚೀಲ, ಕೈಗವಸು, ಟಿ-ಶರ್ಟ್ ಮುಂತಾದವುಗಳನ್ನು ಹೆಣೆಯಲಾಗುತ್ತದೆ.

ಬೆಳೆಗಾರರಿಗೆ ಇದರ ಮಹತ್ವ

ಗಿಡ್ಡ ಎಳೆಯ, ಕಸಭರಿತ ಹತ್ತಿಯೂ ದಪ್ಪ ನೂಲಿಗೇ ಹೋಗುತ್ತದೆ. ಅಲ್ಲಿ ಅದು ಮರುಬಳಕೆಯ ಎಳೆಯೊಡನೆ ಸ್ಪರ್ಧಿಸಬೇಕಾಗುತ್ತದೆ. ಆದರೆ ಕೌದಿಗೆ ಗಟ್ಟಿ ದಾರ ಬೇಕಾಗುವಂತೆ, ಇಂತಹ ನೂಲಿಗೂ ಬಲ ನೀಡುವುದು ಹೊಸ, ಉದ್ದನೆಯ ಎಳೆಯೇ. 2025-26ನೇ ಸಾಲಿನ ಕನಿಷ್ಠ ಬೆಂಬಲ ಬೆಲೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ ರೂ. 7,710 ಮತ್ತು ಉದ್ದ ಎಳೆಯ ಹತ್ತಿಗೆ ರೂ. 8,110 ಇದ್ದು, ಎಳೆಯ ಉದ್ದದಿಂದಲೇ ರೂ. 400 ವ್ಯತ್ಯಾಸವಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ, ಪೂರ್ಣ ಅರಳಿದ ಕಾಯಿಗಳಿಂದ ಮಾತ್ರ ಹತ್ತಿ ಬಿಡಿಸಬೇಕು.
2. ಹುಳು ತಿಂದ ಹಾಗೂ ಹಳದಿಯಾದ ಹತ್ತಿಯನ್ನು ಬೇರೆಯಾಗಿಡಬೇಕು. ಮೊದಲ ಮತ್ತು ಕೊನೆಯ ಬಿಡಿಸುವಿಕೆಯ ಹತ್ತಿಯನ್ನು ಬೆರೆಸಬಾರದು.
3. ರಸಗೊಬ್ಬರದ ಪ್ಲಾಸ್ಟಿಕ್ ಚೀಲ ಬಳಸದೆ ಹತ್ತಿ ಬಟ್ಟೆಯ ಚೀಲ ಬಳಸಬೇಕು. ಪ್ಲಾಸ್ಟಿಕ್ ದಾರ ಬಣ್ಣ ಹಿಡಿಯದೆ, ಹೆಣೆದ ಬಟ್ಟೆಯಲ್ಲಿ ಕಲೆಯಾಗಿ ಉಳಿಯುತ್ತದೆ.
4. ಕೂದಲು ಬೀಳದಂತೆ ಹತ್ತಿ ಬಿಡಿಸುವವರು ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು.
5. ತೇವಾಂಶ ಶೇ. 12 ಮೀರಿದರೆ ಭಾರತೀಯ ಹತ್ತಿ ನಿಗಮವು ಖರೀದಿಸುವುದಿಲ್ಲ. ಆದ್ದರಿಂದ ಹತ್ತಿಯನ್ನು ಚೆನ್ನಾಗಿ ಒಣಗಿಸಬೇಕು. ತೂಕಕ್ಕಾಗಿ ನೀರು ಚಿಮುಕಿಸಬಾರದು.

ವಿಸ್ತರಣಾ ಕಾರ್ಯಕರ್ತರು ಮೊದಲ ಬಿಡಿಸುವಿಕೆಗೆ ಮುನ್ನವೇ, ಹತ್ತಿ ಬಿಡಿಸುವ ಮಹಿಳೆಯರಿಗೆ ಈ ಕ್ರಮಗಳನ್ನು ಹೊಲದಲ್ಲಿಯೇ ಮಾಡಿ ತೋರಿಸುವುದು ಸೂಕ್ತ.